ಕತ್ತಲೆಯನ್ನು ಕಾಯುವ ಊರು: ಹಾನ್ಲೆಯ ಖಗೋಳ ವೀಕ್ಷಣಾಲಯ

ಬೆಳಕು ಒಳಿತು, ಕತ್ತಲೆ ಕೆಡುಕು ಎಂಬ ಭಾವನೆ ನಮ್ಮ ಮಾತಿನಲ್ಲಿಯೇ ಬೇರೂರಿದೆ. ಜ್ಞಾನವನ್ನು ಬೆಳಕಿಗೂ ಅಜ್ಞಾನವನ್ನು ಕತ್ತಲೆಗೂ ಹೋಲಿಸುವುದು ಬಲು ಹಿಂದಿನಿಂದ ನಡೆದುಬಂದ ರೂಢಿ. ಊರಿಗೆ ಬೀದಿದೀಪ ಬಂದರೆ ಅಭಿವೃದ್ಧಿ ಬಂದಿತೆಂದು ಸಂತೋಷಪಡುತ್ತೇವೆ. ದೀಪ ಹೆಚ್ಚಾದಷ್ಟೂ ಊರು ಮುಂದುವರಿಯಿತೆಂದು ಹೆಮ್ಮೆಪಡುತ್ತೇವೆ. ಹೀಗಿರುವಾಗ ಕತ್ತಲೆಯನ್ನೇ ಒಂದು ಸಂಪತ್ತೆಂದು ಬಗೆದು, ಅದಕ್ಕೆ ಗಡಿಯನ್ನು ಗುರುತಿಸಿ, ಸರ್ಕಾರದ ಅಧಿಸೂಚನೆಯ ಮೂಲಕ ಕಾಪಾಡುತ್ತಿರುವ ಪ್ರದೇಶವೊಂದು ನಮ್ಮ ದೇಶದಲ್ಲಿಯೇ ಇದೆ ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಲಡಾಖಿನ ಹಾನ್ಲೆ ಎಂಬ ಪುಟ್ಟ ನೆಲೆಯೇ ಆ ಪ್ರದೇಶ. ಅಲ್ಲಿಯ ಬೆಟ್ಟದ ನೆತ್ತಿಯ ಮೇಲೆ ಭಾರತೀಯ ಖಗೋಳ ವೀಕ್ಷಣಾಲಯವಿದೆ. ಬೆಟ್ಟದ ಬುಡದಲ್ಲಿ ಕುರಿ ಮೇಕೆಗಳನ್ನು ಸಾಕಿಕೊಂಡು ಬದುಕುವ ಜನರ ಮನೆಗಳಿವೆ. ನೆತ್ತಿಯ ಮೇಲಿನ ವಿಜ್ಞಾನಕ್ಕೂ ಬುಡದಲ್ಲಿರುವ ಜನಜೀವನಕ್ಕೂ ಬೆಸೆದಿರುವ ನಂಟು ಎಂತಹುದು, ಅದರಿಂದ ನಾವು ತಿಳಿಯಬೇಕಾದುದು ಏನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬೆಟ್ಟ ಮತ್ತು ಬಯಲು

ಲಡಾಖಿನ ಮುಖ್ಯ ಪಟ್ಟಣವಾದ ಲೇಹ್‌ನಿಂದ ಆಗ್ನೇಯ ದಿಕ್ಕಿಗೆ, ಸಿಂಧೂ ನದಿಯ ದಡವನ್ನು ಬಹುದೂರ ಅನುಸರಿಸಿ ಸುಮಾರು 250 ಕಿಲೋಮೀಟರ್ ಪ್ರಯಾಣ ಮಾಡಿದರೆ ಹಾನ್ಲೆ ಸಿಗುತ್ತದೆ. ಟಿಬೆಟಿನ ಗಡಿ ಅಲ್ಲಿಂದ ದೂರವಿಲ್ಲ. ಚಾಂಗ್‌ಥಾಂಗ್ ಎಂದು ಕರೆಯಲ್ಪಡುವ ಈ ಎತ್ತರದ ಬಯಲು ಒಂದು ಶೀತಲ ಮರುಭೂಮಿ. ಮಳೆ ಹಿಮಗಳೆರಡೂ ಸೇರಿ ವರ್ಷಕ್ಕೆ ಹತ್ತು ಸೆಂಟಿಮೀಟರಿನಷ್ಟೂ ಆಗುವುದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಇಳಿಯುವುದೂ ಉಂಟು. ಇಲ್ಲಿ ವಾಸಿಸುವ ಚಾಂಗ್‌ಪಾ ಜನರು ಪಶ್ಮೀನಾ ಉಣ್ಣೆ ಕೊಡುವ ಮೇಕೆಗಳನ್ನೂ ಯಾಕ್ ದನಗಳನ್ನೂ ಮೇಯಿಸಿಕೊಂಡು, ಋತುವಿಗೆ ತಕ್ಕಂತೆ ಬೀಡು ಬದಲಿಸುತ್ತ ಬಾಳಿದವರು. ಹಾನ್ಲೆಯ ಸುತ್ತಲಿನ ಕೆಲವೇ ಪುಟ್ಟ ಹಳ್ಳಿಗಳ ಒಟ್ಟು ಜನಸಂಖ್ಯೆ ಸುಮಾರು ಒಂದು ಸಾವಿರ ಮಾತ್ರ.

ಇದು ಇತಿಹಾಸವಿಲ್ಲದ ಬರಡು ನೆಲವಲ್ಲ. ಗುಡ್ಡವೊಂದರ ಮೇಲೆ ನಿಂತಿರುವ ಹಾನ್ಲೆಯ ಬೌದ್ಧ ಮಠವು 17ನೆಯ ಶತಮಾನದ್ದು. ಲಡಾಖಿನ ಪ್ರಸಿದ್ಧ ಅರಸನಾದ ಸೆಂಗ್ಗೆ ನಾಮ್‌ಗ್ಯಾಲನ ಆಶ್ರಯದಲ್ಲಿ ಅದು ನಿರ್ಮಾಣವಾಯಿತು. ಆತನು ತನ್ನ ಕೊನೆಯ ಉಸಿರನ್ನು ಎಳೆದುದೂ ಹಾನ್ಲೆಯಲ್ಲಿಯೇ. ಲಡಾಖಿಗೂ ಟಿಬೆಟಿಗೂ ನಡುವೆ ಸಾಗುತ್ತಿದ್ದ ವರ್ತಕರ ದಾರಿಯಲ್ಲಿ ಈ ಊರು ಒಂದು ತಂಗುದಾಣವಾಗಿತ್ತು. ಅಂತಹ ಮಠದ ಎದುರಿಗೆ, ಬಯಲಿನಾಚೆಗಿನ ದಿಗ್ಪಾ ರತ್ಸಾ ರಿ ಎಂಬ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ ಇಂದು ದೂರದರ್ಶಕದ ಗುಮ್ಮಟವಿದೆ. ಈ ಶಿಖರಕ್ಕೆ ಸರಸ್ವತೀ ಪರ್ವತ ಎಂಬ ಹೆಸರೂ ಬಂದಿದೆ.

ಬೆಟ್ಟದ ನೆತ್ತಿಯನ್ನೇ ಏಕೆ ಹುಡುಕಬೇಕು?

ನಕ್ಷತ್ರಗಳಿಗೆ ಹತ್ತಿರವಾಗುವುದಕ್ಕಾಗಿ ದೂರದರ್ಶಕವನ್ನು ಬೆಟ್ಟದ ಮೇಲೆ ಇಡುತ್ತಾರೆ ಎಂದು ಮಕ್ಕಳು ಭಾವಿಸುವುದುಂಟು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರದಿಂದ ಬೆಳಕು ಬರಲು ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಅಂತಹ ದೂರದ ಮುಂದೆ ನಾಲ್ಕೂವರೆ ಕಿಲೋಮೀಟರಿನ ಎತ್ತರ ಲೆಕ್ಕಕ್ಕೇ ಬಾರದು. ನಿಜವಾದ ಕಾರಣ ನಮ್ಮ ತಲೆಯ ಮೇಲಿರುವ ಗಾಳಿ.

ಗಾಳಿಯು ಮೂರು ಬಗೆಯಲ್ಲಿ ಖಗೋಳ ವೀಕ್ಷಣೆಗೆ ಅಡ್ಡಿಯಾಗುತ್ತದೆ. ಮೊದಲನೆಯದಾಗಿ, ಬಿಸಿ ಮತ್ತು ತಂಪು ಗಾಳಿಯ ಪದರಗಳು ಒಂದರೊಳಗೊಂದು ಕದಡಿದಾಗ ಅವುಗಳ ಮೂಲಕ ಹಾದುಬರುವ ಬೆಳಕಿನ ಕಿರಣ ಅತ್ತಿತ್ತ ಓಲಾಡುತ್ತದೆ. ನಕ್ಷತ್ರ ಮಿನುಗುವುದು ಇದರಿಂದಲೇ. ಕಣ್ಣಿಗೆ ಅದು ಚೆಲುವಾದರೂ ದೂರದರ್ಶಕಕ್ಕೆ ಅದು ಕಲಕಿದ ನೀರಿನೊಳಗಿನ ನಾಣ್ಯವನ್ನು ನೋಡಿದಂತೆ. ಎರಡನೆಯದಾಗಿ, ಗಾಳಿಯಲ್ಲಿರುವ ನೀರಾವಿಯು ಅವಕೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ. ಧೂಳಿನ ಮೋಡಗಳ ಒಳಗೆ ಹುಟ್ಟುತ್ತಿರುವ ನಕ್ಷತ್ರಗಳು ಬಹುಮಟ್ಟಿಗೆ ಈ ಕಿರಣಗಳಲ್ಲಿಯೇ ಕಾಣುವಂಥವು. ಮೂರನೆಯದಾಗಿ, ಗಾಳಿಯಲ್ಲಿ ತೇಲುವ ಧೂಳು, ಹೊಗೆಗಳು ನೆಲದ ದೀಪಗಳ ಬೆಳಕನ್ನು ಚದುರಿಸಿ ಆಕಾಶವನ್ನೇ ಮಸುಕಾಗಿಸುತ್ತವೆ. ಹಾನ್ಲೆಯ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ನೀರಾವಿ ಅತ್ಯಲ್ಪ. ಮಾನ್ಸೂನ್ ಮೋಡಗಳನ್ನು ಹಿಮಾಲಯದ ಸಾಲುಗಳೇ ತಡೆದು ನಿಲ್ಲಿಸುತ್ತವೆ. ಆದ್ದರಿಂದ ವರ್ಷದಲ್ಲಿ ಸುಮಾರು 250 ರಾತ್ರಿಗಳು ಯಾವುದಾದರೊಂದು ಬಗೆಯ ವೀಕ್ಷಣೆಗೆ ಒದಗುತ್ತವೆ.

ಇದಕ್ಕೆ ಇನ್ನೊಂದು ಅನುಕೂಲವೂ ಸೇರಿದೆ. ಭೂಮಿ ಸುತ್ತುತ್ತಿರುವುದರಿಂದ ಯಾವ ಒಂದು ವೀಕ್ಷಣಾಲಯವೂ ಒಂದೇ ನಕ್ಷತ್ರವನ್ನು ಇಪ್ಪತ್ತನಾಲ್ಕು ಗಂಟೆ ನೋಡಲಾರದು. ಪಶ್ಚಿಮದಲ್ಲಿ ಅಟ್ಲಾಂಟಿಕ್ ಸಾಗರದ ಕೆನರಿ ದ್ವೀಪಗಳಲ್ಲಿಯೂ ಪೂರ್ವದಲ್ಲಿ ಆಸ್ಟ್ರೇಲಿಯಾದಲ್ಲಿಯೂ ದೊಡ್ಡ ವೀಕ್ಷಣಾಲಯಗಳಿವೆ. ಈ ಎರಡರ ನಡುವಿನ ವಿಶಾಲ ಅಂತರದ ಸುಮಾರು ಮಧ್ಯಭಾಗದಲ್ಲಿ ಹಾನ್ಲೆ ಇದೆ. ಅಲ್ಪಕಾಲ ಬೆಳಗಿ ಆರಿಹೋಗುವ ಆಕಾಶದ ಘಟನೆಗಳನ್ನು ಬೆನ್ನಟ್ಟುವ ಜಗತ್ತಿನ ವಿಜ್ಞಾನಿಗಳಿಗೆ ಈ ಕೊಂಡಿ ಬಹಳ ಬೆಲೆಯುಳ್ಳದ್ದು.

ಹೊಸಕೋಟೆಯಿಂದ ಹಿಮಾಲಯಕ್ಕೆ

ಈ ವೀಕ್ಷಣಾಲಯವನ್ನು ನಡೆಸುತ್ತಿರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಈ ಸಂಸ್ಥೆ ತನ್ನ ಮೂಲವನ್ನು 1786ರಲ್ಲಿ ಮದರಾಸಿನಲ್ಲಿ ಆರಂಭವಾದ ಒಂದು ಖಾಸಗಿ ವೀಕ್ಷಣಾಲಯದವರೆಗೆ ಗುರುತಿಸಿಕೊಳ್ಳುತ್ತದೆ. ಕೊಡೈಕೆನಾಲಿನಲ್ಲಿ ಸೂರ್ಯನ ಅಧ್ಯಯನವೂ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ನಕ್ಷತ್ರಗಳ ಅಧ್ಯಯನವೂ ಅದರ ಆಶ್ರಯದಲ್ಲಿ ಬೆಳೆದವು. ಕಾವಲೂರಿನಲ್ಲಿ 1986ರಲ್ಲಿ ಲೋಕಾರ್ಪಣೆಯಾದ 2.3 ಮೀಟರ್ ವ್ಯಾಸದ ದೂರದರ್ಶಕಕ್ಕೆ ಮಹಾನ್ ಖಗೋಳ ವಿಜ್ಞಾನಿ ವೇಣು ಬಾಪು ಅವರ ಹೆಸರನ್ನಿಡಲಾಗಿದೆ. ಆದರೆ ದಕ್ಷಿಣದ ಬೆಟ್ಟಗಳಿಗೆ ವರ್ಷದಲ್ಲಿ ಎರಡು ಮಳೆಗಾಲಗಳ ಮೋಡ ತಪ್ಪಿದ್ದಲ್ಲ. ಇನ್ನೂ ಎತ್ತರದ, ಇನ್ನೂ ಒಣ ಹವೆಯ ತಾಣಕ್ಕಾಗಿ ಹಿಮಾಲಯದಲ್ಲಿ ನಡೆದ ಹುಡುಕಾಟವು ಕೊನೆಗೆ ಹಾನ್ಲೆಯಲ್ಲಿ ನಿಂತಿತು.

ರಸ್ತೆ, ವಿದ್ಯುತ್ತು, ದೂರವಾಣಿ ಯಾವುದೂ ಸರಿಯಾಗಿಲ್ಲದ, ಉಸಿರಾಡುವುದೇ ಪ್ರಯಾಸವಾದ ಆ ಎತ್ತರದಲ್ಲಿ ಗುಮ್ಮಟ ಕಟ್ಟಿ, ಎರಡು ಮೀಟರ್ ವ್ಯಾಸದ ಕನ್ನಡಿಯನ್ನು ಸಾಗಿಸಿ ಕೂರಿಸಿದುದು ಸಾಹಸದ ಕೆಲಸವೇ ಸರಿ. 2000ದ ಸೆಪ್ಟೆಂಬರಿನಲ್ಲಿ ಆ ದೂರದರ್ಶಕ ಮೊದಲ ಬಾರಿಗೆ ನಕ್ಷತ್ರದ ಬೆಳಕನ್ನು ಕಂಡಿತು, 2001ರಲ್ಲಿ ಲೋಕಾರ್ಪಣೆಯಾಯಿತು. ನೊಬೆಲ್ ಪುರಸ್ಕೃತ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಸ್ಮರಣೆಯಲ್ಲಿ ಅದಕ್ಕೆ ಹಿಮಾಲಯನ್ ಚಂದ್ರ ದೂರದರ್ಶಕ ಎಂದು ಹೆಸರಿಡಲಾಗಿದೆ.

ಕನ್ನಡಿಗರು ವಿಶೇಷವಾಗಿ ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಈ ದೂರದರ್ಶಕವನ್ನು ರಾತ್ರಿಯ ಹೊತ್ತು ಚಲಾಯಿಸುವ ವಿಜ್ಞಾನಿಗಳು ಹಾನ್ಲೆಯಲ್ಲಿ ಇರಬೇಕಾಗಿಲ್ಲ. ಅವರು ಬೆಂಗಳೂರಿಗೆ ಸಮೀಪದ ಹೊಸಕೋಟೆಯ ಕೇಂದ್ರದಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ದೂರದರ್ಶಕವನ್ನು ತಾವು ಬಯಸಿದ ನಕ್ಷತ್ರದತ್ತ ತಿರುಗಿಸುತ್ತಾರೆ. ಮಹಾನಗರದ ಬೆಳಕಿನಿಂದ ತನ್ನ ಆಕಾಶವನ್ನು ಬಹುತೇಕ ಕಳೆದುಕೊಂಡಿರುವ ನೆಲದಲ್ಲಿ ಕುಳಿತು, ಕತ್ತಲೆಯನ್ನು ಉಳಿಸಿಕೊಂಡಿರುವ ನೆಲದ ಆಕಾಶವನ್ನು ನೋಡುವ ವ್ಯವಸ್ಥೆ ಇದು. ಯಂತ್ರಗಳನ್ನು ಸುಸ್ಥಿತಿಯಲ್ಲಿಡುವ, ಕೊರೆಯುವ ಚಳಿಯಲ್ಲಿಯೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಹೊಣೆಯಾದರೋ ಹಾನ್ಲೆಯಲ್ಲಿಯೇ ಇರುವ ಸಿಬ್ಬಂದಿಯದು. ವೀಕ್ಷಣಾಲಯದ ಉಸ್ತುವಾರಿ ಎಂಜಿನಿಯರ್ ಆಗಿರುವ ದೋರ್ಜೆ ಆಂಗ್‌ಚುಕ್ ಅವರು ಲಡಾಖಿನ ನೆಲದವರೇ ಎಂಬುದು ಗಮನಾರ್ಹ. ಅವರು ತೆಗೆದ ಹಾನ್ಲೆಯ ರಾತ್ರಿಯಾಕಾಶದ ಛಾಯಾಚಿತ್ರಗಳು ದೇಶದಾದ್ಯಂತ ಜನರ ಗಮನ ಸೆಳೆದಿವೆ.

ಬೆಟ್ಟದ ಮೇಲೆ ನಡೆಯುವ ಕೆಲಸ

ಕತ್ತಲೆಗೆ ಒಗ್ಗಿದ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ ಏಳು ಮಿಲಿಮೀಟರ್ ಅಗಲ ತೆರೆಯುತ್ತದೆ. ಎರಡು ಮೀಟರ್ ಅಗಲದ ಕನ್ನಡಿಯು ಅದಕ್ಕಿಂತ ಸುಮಾರು 80,000 ಪಟ್ಟು ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ. ಅಲ್ಲದೆ ಕಣ್ಣು ಕ್ಷಣಕ್ಷಣಕ್ಕೂ ಹಳೆಯ ಚಿತ್ರವನ್ನು ಮರೆತು ಹೊಸದನ್ನು ಕಾಣುತ್ತದೆ. ದೂರದರ್ಶಕಕ್ಕೆ ಜೋಡಿಸಿದ ಕ್ಯಾಮೆರಾ ನಿಮಿಷಗಟ್ಟಲೆ ಹನಿಹನಿಯಾಗಿ ಬೆಳಕನ್ನು ಕೂಡಿಡುತ್ತದೆ. ಹೀಗೆ ಕೂಡಿಟ್ಟ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಆ ನಕ್ಷತ್ರದ ಉಷ್ಣತೆ, ಅದರಲ್ಲಿರುವ ಧಾತುಗಳು, ಅದು ಚಲಿಸುವ ವೇಗ ಎಲ್ಲವೂ ತಿಳಿಯುತ್ತವೆ.

ಇದಕ್ಕೆ ಇತ್ತೀಚಿನ ಉದಾಹರಣೆಯೊಂದನ್ನು ನೋಡಬಹುದು. 2023ರ ಮೇ 19ರಂದು ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಒಂದು ಗೆಲಾಕ್ಸಿಯಲ್ಲಿ ಹೊಸ ಬೆಳಕಿನ ಚುಕ್ಕೆಯೊಂದು ಕಾಣಿಸಿಕೊಂಡಿತು. ಅದು ಸುಮಾರು ಎರಡು ಕೋಟಿ ಹತ್ತು ಲಕ್ಷ ಜ್ಯೋತಿರ್ವರ್ಷಗಳಾಚೆ ಸಿಡಿದುಹೋದ ಒಂದು ಕೆಂಪು ಮಹಾದೈತ್ಯ ನಕ್ಷತ್ರ. ಇಂತಹ ಸಿಡಿತಕ್ಕೆ ಸೂಪರ್‌ನೋವಾ ಎಂದು ಹೆಸರು. ಅದನ್ನು ಮೊದಲು ಗುರುತಿಸಿದವರು ಯಾವುದೇ ದೊಡ್ಡ ವೀಕ್ಷಣಾಲಯದ ವಿಜ್ಞಾನಿಯಲ್ಲ, ಜಪಾನಿನ ಹವ್ಯಾಸಿ ಖಗೋಳವೀಕ್ಷಕ ಕೊಯಿಚಿ ಇತಗಾಕಿ. ಸುದ್ದಿ ತಿಳಿದೊಡನೆ ಜಗತ್ತಿನ ಹಲವು ದೂರದರ್ಶಕಗಳು ಅತ್ತ ತಿರುಗಿದವು. ಹಾನ್ಲೆಯ ಚಂದ್ರ ದೂರದರ್ಶಕವೂ, ಅದರ ನೆರೆಯಲ್ಲಿಯೇ 2018ರಿಂದ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತಿರುವ 0.7 ಮೀಟರಿನ ಗ್ರೋತ್-ಇಂಡಿಯಾ ದೂರದರ್ಶಕವೂ ಅದನ್ನು ಅಧ್ಯಯನ ಮಾಡಿದವು. ಹವ್ಯಾಸಿಗಳ ಸಣ್ಣ ದೂರದರ್ಶಕಕ್ಕೂ ಸಂಸ್ಥೆಗಳ ದೊಡ್ಡ ದೂರದರ್ಶಕಕ್ಕೂ ಖಗೋಳಶಾಸ್ತ್ರದಲ್ಲಿ ಇರುವ ಪರಸ್ಪರ ಸಹಕಾರ ಇಂತಹುದು.

ಹಾನ್ಲೆಯ ಬಯಲಿನಲ್ಲಿ ಇನ್ನೊಂದು ಬೃಹತ್ ಉಪಕರಣವಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ದೇಶೀಯವಾಗಿ ನಿರ್ಮಾಣವಾದ 21 ಮೀಟರ್ ವ್ಯಾಸದ ಮೇಸ್ ದೂರದರ್ಶಕವು 2024ರ ಅಕ್ಟೋಬರ್ 4ರಂದು ಉದ್ಘಾಟನೆಯಾಯಿತು. ಅತ್ಯಂತ ಶಕ್ತಿಯುತವಾದ ಗಾಮಾ ಕಿರಣಗಳು ಆಕಾಶದಿಂದ ಬಂದು ವಾತಾವರಣಕ್ಕೆ ಅಪ್ಪಳಿಸಿದಾಗ ಕಣಗಳ ಸುರಿಮಳೆಯೇ ಉಂಟಾಗಿ, ಒಂದು ಕ್ಷೀಣವಾದ ನೀಲಿ ಮಿಂಚು ಹೊಮ್ಮುತ್ತದೆ. ಅದರ ಆಯುಷ್ಯ ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗ. ಆ ಮಿಂಚನ್ನು ಹಿಡಿಯುವುದೇ ಮೇಸ್ ದೂರದರ್ಶಕದ ಕಾರ್ಯ. ಸುತ್ತಲಿನ ಕತ್ತಲೆ ಕೆಟ್ಟರೆ ಇಂತಹ ಸೂಕ್ಷ್ಮ ಬೆಳಕು ಕಾಣುವುದಾದರೂ ಹೇಗೆ?

ಬೆಳಕೇ ಮಾಲಿನ್ಯವಾಗುವ ಬಗೆ

ನೀರು, ಗಾಳಿ, ಶಬ್ದಗಳಂತೆ ಬೆಳಕೂ ಮಾಲಿನ್ಯವಾಗಬಲ್ಲದು. ಬೇಕಾದ ಕಡೆ, ಬೇಕಾದ ಹೊತ್ತಿನಲ್ಲಿ, ಬೇಕಾದಷ್ಟೇ ಇರುವ ಬೆಳಕು ಉಪಕಾರಿ. ಮುಚ್ಚಳವಿಲ್ಲದ ದೀಪವೊಂದು ತನ್ನ ಬೆಳಕಿನ ಗಣನೀಯ ಪಾಲನ್ನು ಮೇಲಕ್ಕೂ ಪಕ್ಕಕ್ಕೂ ಚೆಲ್ಲಿಬಿಡುತ್ತದೆ. ಅದರಿಂದ ದಾರಿಹೋಕನಿಗೆ ಪ್ರಯೋಜನವಿಲ್ಲ. ವಿದ್ಯುತ್ತು ಮಾತ್ರ ಪೋಲು. ಹೀಗೆ ಚೆಲ್ಲಿದ ಬೆಳಕು ಗಾಳಿಯಲ್ಲಿ ಚದುರಿ ಊರಿನ ಮೇಲೆ ಒಂದು ಬಿಳಿಯ ತೆರೆಯಂತೆ ಹರಡಿಕೊಳ್ಳುತ್ತದೆ. ನೀಲಿ ಛಾಯೆಯ ಬೆಳಕು ಹೆಚ್ಚು ಚದುರುವುದರಿಂದ ಕಣ್ಣು ಕೋರೈಸುವ ಬಿಳಿ ಎಲ್‌ಇಡಿ ದೀಪಗಳು ಹಳದಿ ದೀಪಗಳಿಗಿಂತ ಆಕಾಶವನ್ನು ಹೆಚ್ಚು ಕೆಡಿಸುತ್ತವೆ.

2016ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಪ್ರಕಾರ ಮನುಕುಲದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ತಾವಿರುವಲ್ಲಿ ಆಕಾಶಗಂಗೆ ಕಾಣುವುದಿಲ್ಲ. 2011ರಿಂದ 2022ರವರೆಗೆ ಜಗತ್ತಿನ ಸಾಮಾನ್ಯ ಜನರು ಬರಿಗಣ್ಣಿನಿಂದ ನಕ್ಷತ್ರಗಳನ್ನು ನೋಡಿ ಕಳಿಸಿದ ಐವತ್ತು ಸಾವಿರಕ್ಕೂ ಹೆಚ್ಚು ವರದಿಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನ 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ರಾತ್ರಿಯಾಕಾಶದ ಕೃತಕ ಹೊಳಪು ವರ್ಷಕ್ಕೆ ಸರಾಸರಿ ನೂರಕ್ಕೆ ಹತ್ತರಷ್ಟು ಏರುತ್ತಿದೆ ಎಂದು ಅದು ತಿಳಿಸಿತು. ಇದೇ ವೇಗ ಮುಂದುವರಿದರೆ, 250 ನಕ್ಷತ್ರಗಳು ಕಾಣುವ ಊರಿನಲ್ಲಿ ಇಂದು ಹುಟ್ಟಿದ ಮಗು ಹದಿನೆಂಟು ವರ್ಷದ ಪ್ರಾಯಕ್ಕೆ ಬರುವಾಗ ಅದೇ ಊರಿನಲ್ಲಿ ಕಾಣುವುದು ಸುಮಾರು ನೂರು ಮಾತ್ರ. ನಷ್ಟ ನಕ್ಷತ್ರ ನೋಡುವವರದು ಮಾತ್ರವಲ್ಲ. ಕತ್ತಲೆಯಲ್ಲಿ ದಾರಿ ಹುಡುಕುವ ವಲಸೆ ಹಕ್ಕಿಗಳಿಗೂ ದೀಪಕ್ಕೆ ಮುತ್ತಿ ಸಾಯುವ ಹುಳಹುಪ್ಪಟೆಗಳಿಗೂ ಇದರಿಂದ ಹಾನಿಯಿದೆ.

ಊರವರ ಒಪ್ಪಿಗೆಯಿಂದ ಉಳಿದ ಇರುಳು

ಹಾನ್ಲೆಯಲ್ಲಿ ದೂರದರ್ಶಕ ಬಂದ ಕಾಲದಲ್ಲಿ ಕತ್ತಲೆ ತಾನಾಗಿಯೇ ಇತ್ತು. ದೀಪಗಳೇ ಇಲ್ಲದ ಕಡೆ ಕತ್ತಲೆಯನ್ನು ಕಾಯುವ ಪ್ರಶ್ನೆ ಏಳುವುದಿಲ್ಲ. ಆದರೆ ರಸ್ತೆ ಬಂತು, ವಿದ್ಯುತ್ತು ಬಂತು, ಪ್ರವಾಸಿಗರು ಬಂದರು. ಬರಬೇಕಾದುದೇ, ಆ ಜನರಿಗೂ ಸೌಕರ್ಯದ ಹಕ್ಕಿದೆ. ವಿಜ್ಞಾನದ ಹೆಸರಿನಲ್ಲಿ ‘ನೀವು ಕತ್ತಲೆಯಲ್ಲಿಯೇ ಇರಿ’ ಎಂದು ಯಾವ ಜನರಿಗೂ ಹೇಳುವಂತಿಲ್ಲ. ಬೆಟ್ಟದ ಮೇಲಿನ ಉಪಕರಣಗಳಿಗೆ ಕೋಟಿಗಟ್ಟಲೆ ವೆಚ್ಚ ಮಾಡಿದ್ದರೂ, ಬುಡದಲ್ಲಿರುವ ಮನೆಗಳ ಅಂಗಳದ ದೀಪಗಳು ಆ ವೆಚ್ಚವನ್ನು ವ್ಯರ್ಥಗೊಳಿಸಬಲ್ಲವು. ಹಾಗಾದರೆ ಎರಡನ್ನೂ ಉಳಿಸುವ ಬಗೆ ಯಾವುದು?

ಇದಕ್ಕೆ ಉತ್ತರವಾಗಿ 2022ರಲ್ಲಿ ಲಡಾಖ್ ಕೇಂದ್ರಾಡಳಿತ ಪ್ರದೇಶ, ಲೇಹ್‌ನ ಸ್ವಾಯತ್ತ ಗುಡ್ಡಗಾಡು ಅಭಿವೃದ್ಧಿ ಮಂಡಳಿ ಮತ್ತು ಭಾರತೀಯ ಖಭೌತ ಸಂಸ್ಥೆಗಳ ನಡುವೆ ಒಪ್ಪಂದವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲೆ ಆಕಾಶದ ಮೀಸಲು ಪ್ರದೇಶವೆಂದು ಅಧಿಸೂಚಿಸಲಾಯಿತು. ದೇಶದಲ್ಲಿ ಇಂತಹ ಪ್ರಯತ್ನ ಇದೇ ಮೊದಲು. ಇಲ್ಲಿ ದೀಪಗಳಿಗೆ ನಿಷೇಧವಿಲ್ಲ. ದೀಪಗಳಿಗೆ ಶಿಸ್ತು ಇದೆ. ಕಿಟಕಿಗಳಿಗೆ ದಪ್ಪನೆಯ ಪರದೆ, ಹೊರಗಿನ ದೀಪಗಳಿಗೆ ಬೆಳಕನ್ನು ಕೆಳಮುಖ ಮಾಡುವ ಮುಚ್ಚಳ, ಬಿಳಿಯ ಬದಲು ಹಳದಿ ಛಾಯೆಯ ಮೆಲುಬೆಳಕು, ರಾತ್ರಿ ಓಡಾಡುವ ವಾಹನಗಳಿಗೆ ತಗ್ಗಿಸಿದ ದೀಪ ಇವೇ ಆ ಶಿಸ್ತಿನ ಮುಖ್ಯ ಅಂಶಗಳು. ಮನೆಯೊಳಗೆ ಮಕ್ಕಳು ಓದುವುದಕ್ಕೆ, ಅಡುಗೆಗೆ, ದಾರಿ ನಡೆಯುವುದಕ್ಕೆ ಇದರಿಂದ ಯಾವ ಕೊರತೆಯೂ ಆಗುವುದಿಲ್ಲ.

ಕೇವಲ ನಿಯಮಗಳಿಂದ ಇಷ್ಟು ವಿಶಾಲವಾದ ಬಯಲನ್ನು ಕಾಯಲಾಗದು. ಪ್ರತಿ ಮನೆಯ ಕಿಟಕಿಗೂ ಕಾವಲುಗಾರನನ್ನು ನಿಲ್ಲಿಸಲು ಸಾಧ್ಯವೇ? ಕತ್ತಲೆ ಉಳಿದರೆ ತಮಗೆ ಒಳಿತು ಎಂದು ಆ ಮನೆಯವರಿಗೇ ಅನ್ನಿಸಬೇಕು. ಅದಕ್ಕಾಗಿ ಭೋಕ್, ಶಾದೋ, ಪುಂಗುಕ್, ಖುಲ್ದೋ, ನಾಗಾ ಎಂಬ ಹಳ್ಳಿಗಳಿಂದಲೂ ಅಲ್ಲಿಯೇ ನೆಲೆಸಿರುವ ಟಿಬೆಟಿನ ನಿರಾಶ್ರಿತರ ವಸತಿಯಿಂದಲೂ ಇಪ್ಪತ್ತನಾಲ್ಕು ಮಂದಿಯನ್ನು ಆಯ್ದು, ‘ಖಗೋಳ ರಾಯಭಾರಿ’ಗಳೆಂದು ತರಬೇತಿ ನೀಡಲಾಯಿತು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಆಕಾಶದ ಪರಿಚಯ, ದೂರದರ್ಶಕದ ಬಳಕೆ, ಬಂದವರಿಗೆ ವಿವರಿಸುವ ಬಗೆ ಇವೆಲ್ಲವನ್ನೂ ಸಂಸ್ಥೆಯ ವಿಜ್ಞಾನಿಗಳು ಕಲಿಸಿಕೊಟ್ಟರು. ಅವರ ಕೈಗೆ ದೂರದರ್ಶಕಗಳನ್ನೂ ಕೊಟ್ಟರು. ಪ್ರವಾಸಿಗರು ಅವರ ಮನೆಗಳಲ್ಲಿ ತಂಗುತ್ತಾರೆ. ರಾತ್ರಿ ಅಂಗಳದಲ್ಲಿ ಆಕಾಶ ನೋಡುತ್ತಾರೆ. ಅದರಿಂದ ಬರುವ ಆದಾಯ ಆ ಮನೆಗಳಿಗೇ ಸೇರುತ್ತದೆ. 2023ರಿಂದ ದೇಶದ ಹವ್ಯಾಸಿ ಖಗೋಳವೀಕ್ಷಕರು ಒಟ್ಟುಗೂಡಿ ಹಲವು ರಾತ್ರಿ ಆಕಾಶ ನೋಡುವ ವಾರ್ಷಿಕ ನಕ್ಷತ್ರಕೂಟವೂ ಇಲ್ಲಿ ನಡೆಯತೊಡಗಿದೆ.

ಅಂತಹ ರಾತ್ರಿಯಲ್ಲಿ ಮೊದಲು ಕಲಿಯಬೇಕಾದ ಪಾಠ ತಾಳ್ಮೆ. ಬೆಳಕಿನಿಂದ ಹೊರಬಂದ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಬ್ಬರು ಮೊಬೈಲ್ ಫೋನಿನ ಪರದೆಯನ್ನು ತೆರೆದರೂ ಸುತ್ತಲಿನವರೆಲ್ಲರ ಕಾಯುವಿಕೆ ವ್ಯರ್ಥ. ಕಣ್ಣಿನ ಈ ಹೊಂದಾಣಿಕೆಯನ್ನು ಕೆಂಪು ಬೆಳಕು ಅಷ್ಟಾಗಿ ಕೆಡಿಸುವುದಿಲ್ಲವಾದ್ದರಿಂದ ಮಂದವಾದ ಕೆಂಪು ದೀಪವನ್ನಷ್ಟೇ ಬಳಸಬೇಕು. ಹೀಗೆ ಕಾದವರಿಗೆ ಆಕಾಶಗಂಗೆಯು ದಿಗಂತದಿಂದ ದಿಗಂತಕ್ಕೆ ಹಾಸಿದಂತೆ, ಅದರ ನಡುವಿನ ಕಪ್ಪು ಧೂಳಿನ ಸೀಳುಗಳ ಸಮೇತ ಕಾಣುತ್ತದೆ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿಯೂ ಬರಿಗಣ್ಣಿಗೆ ಮಂಜಿನ ಚುಕ್ಕೆಯಾಗಿ ತೋರುತ್ತದೆ. 2024ರ ಮೇ 10 ಮತ್ತು 11ರ ನಡುವಿನ ರಾತ್ರಿ, ಪ್ರಬಲವಾದ ಸೌರ ಬಿರುಗಾಳಿ ಭೂಮಿಯನ್ನು ತಲಪಿದಾಗ, ಧ್ರುವಪ್ರದೇಶಗಳಲ್ಲಿ ಮಾತ್ರ ಸಾಮಾನ್ಯವಾದ ಕೆಂಪು ಪ್ರಭೆಯನ್ನು ಹಾನ್ಲೆಯ ಕ್ಯಾಮೆರಾಗಳು ಸೆರೆಹಿಡಿದವು. ಕತ್ತಲೆ ಉಳಿದುದರಿಂದಲೇ ಅಂತಹ ಅಪರೂಪದ ನೋಟ ದಕ್ಕಿತು.

ರಾಯಭಾರಿಗಳ ಕೈಯಲ್ಲಿರುವ ದೂರದರ್ಶಕ ಡಾಬ್ಸೋನಿಯನ್ ಎಂಬ ಸರಳ ಮಾದರಿಯದು. ಅದರ ಹಿಂದಿನ ಕಥೆ ಇಲ್ಲಿ ಸ್ಮರಣೀಯ. ಜಾನ್ ಡಾಬ್ಸನ್ ಎಂಬವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಆಶ್ರಮವನ್ನು 1944ರಲ್ಲಿ ಸೇರಿ, ಇಪ್ಪತ್ತಮೂರು ವರ್ಷ ಆಶ್ರಮವಾಸಿಯಾಗಿದ್ದರು. ಕೈಯಲ್ಲಿ ಕಾಸಿಲ್ಲದ ಅವರು ಬಿಸಾಡಿದ ಗಾಜು, ಮರದ ತುಂಡು, ರಟ್ಟಿನ ಕೊಳವೆಗಳಿಂದ ದೂರದರ್ಶಕಗಳನ್ನು ಮಾಡಿ ನೆರೆಹೊರೆಯ ಮಕ್ಕಳಿಗೆ ಆಕಾಶ ತೋರಿಸುತ್ತಿದ್ದರು. ಈ ಹವ್ಯಾಸವೇ ಕಾರಣವಾಗಿ 1967ರಲ್ಲಿ ಆಶ್ರಮವನ್ನು ಬಿಡಬೇಕಾಗಿ ಬಂತು. ಆ ಬಳಿಕ ಬೀದಿಬದಿಯಲ್ಲಿ ದೂರದರ್ಶಕ ನಿಲ್ಲಿಸಿ, ಹೋಗಿಬರುವ ಎಲ್ಲರಿಗೂ ಚಂದ್ರನನ್ನೂ ಶನಿಯ ಉಂಗುರವನ್ನೂ ಉಚಿತವಾಗಿ ತೋರಿಸುವುದನ್ನೇ ಬಾಳಿನ ಕೆಲಸವಾಗಿಸಿಕೊಂಡರು. ಅವರು ಪೇಟೆಂಟ್ ಪಡೆಯದೆ ಜಗತ್ತಿಗೆ ಬಿಟ್ಟುಕೊಟ್ಟ ಆ ಸರಳ ವಿನ್ಯಾಸವೇ ಇಂದು ಹಾನ್ಲೆಯ ಅಂಗಳಗಳಲ್ಲಿ ನಿಂತಿದೆ. ಎಂಟು ಅಂಗುಲದ ಅಂತಹ ಕನ್ನಡಿ ಬರಿಗಣ್ಣಿಗಿಂತ ಸುಮಾರು ಎಂಟು ನೂರು ಪಟ್ಟು ಬೆಳಕನ್ನು ಕೂಡಿಸುತ್ತದೆ. ಅದನ್ನು ಕೈಯಿಂದಲೇ ತಿರುಗಿಸಬಹುದು, ವಿದ್ಯುತ್ತು ಬೇಡ.

ಇಷ್ಟರಿಂದ ಎಲ್ಲವೂ ಬಗೆಹರಿಯಿತೆಂದು ತಿಳಿಯಲಾಗದು. ಕತ್ತಲೆಯನ್ನು ನೋಡಲು ಬರುವವರ ಸಂಖ್ಯೆ ಹೆಚ್ಚಿದಷ್ಟೂ ವಾಹನಗಳೂ ವಸತಿಗೃಹಗಳೂ ಅವುಗಳ ದೀಪಗಳೂ ಹೆಚ್ಚುತ್ತವೆ. ನೀರಿನ ಅಭಾವವಿರುವ ನೆಲದ ಮೇಲೆ ಅದರ ಹೊರೆಯೂ ಬೀಳುತ್ತದೆ. ಕತ್ತಲೆಯಿಂದ ಬಂದ ಆದಾಯವೇ ಕತ್ತಲೆಯನ್ನು ನುಂಗುವ ಅಪಾಯ ಇದರಲ್ಲಿದೆ. ಈ ಸಮತೋಲವನ್ನು ಕಾಯುವ ಭಾರ ಕೊನೆಗೂ ಅಲ್ಲಿಗೆ ಹೋಗುವವರ ಸಂಯಮದ ಮೇಲೆಯೇ ನಿಂತಿದೆ.

ನಮ್ಮ ಮಳೆ ನಕ್ಷತ್ರಗಳು

ಹಾನ್ಲೆಗೆ ಎಲ್ಲರೂ ಹೋಗಲಾಗದು, ಹೋಗಬೇಕಾಗಿಯೂ ಇಲ್ಲ. ನಮ್ಮ ರೈತಾಪಿ ಜನರ ನಾಲಿಗೆಯ ಮೇಲೆ ನಕ್ಷತ್ರಗಳ ಹೆಸರುಗಳು ಇಂದಿಗೂ ಜೀವಂತವಾಗಿವೆ. ಭರಣಿ, ಕೃತ್ತಿಕಾ, ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳನ್ನು ಹೆಸರಿಟ್ಟು ಕರೆಯುವ ನಾವು, ಅದೇ ಹೆಸರಿನ ನಕ್ಷತ್ರವನ್ನು ಆಕಾಶದಲ್ಲಿ ಗುರುತಿಸಬಲ್ಲೆವೇ? ರೋಹಿಣಿ ಮಳೆ ಎಂದರೆ ಸೂರ್ಯನು ರೋಹಿಣಿ ನಕ್ಷತ್ರದ ಬಳಿ ಇರುವ ಮೇ ಕೊನೆಯ ಮತ್ತು ಜೂನ್ ಮೊದಲ ದಿನಗಳ ಮಳೆ. ಆಗ ಆ ನಕ್ಷತ್ರ ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಅದನ್ನು ಕಾಣಬೇಕಾದರೆ ಆರು ತಿಂಗಳು ಕಾಯಬೇಕು. ಡಿಸೆಂಬರಿನ ಸಂಜೆ ಪೂರ್ವದಲ್ಲಿ ಕಿತ್ತಳೆಗೆಂಪಾಗಿ ಅದು ಮೇಲೇರುತ್ತದೆ. ನಮ್ಮ ಹಿರಿಯರು ಕಾಣದ ನಕ್ಷತ್ರದ ಸ್ಥಾನವನ್ನು ಕಾಣುವ ನಕ್ಷತ್ರಗಳಿಂದ ಲೆಕ್ಕಹಾಕಿ ಮಳೆಗೆ ಹೆಸರಿಟ್ಟರು. ಜನವರಿಯ ರಾತ್ರಿ ಕಾಣುವ ಆರಿದ್ರಾ ನಕ್ಷತ್ರವಾದರೋ, 2023ರಲ್ಲಿ ಸಿಡಿದ ಆ ದೂರದ ನಕ್ಷತ್ರದಂತೆಯೇ ಒಂದು ಕೆಂಪು ಮಹಾದೈತ್ಯ. ಅದೂ ಮುಂದೊಂದು ಕಾಲಕ್ಕೆ ಹಾಗೆಯೇ ಸಿಡಿಯುವುದೆಂದು ವಿಜ್ಞಾನಿಗಳು ಹೇಳುತ್ತಾರೆ.

ಈ ಹೆಸರುಗಳು ಪಂಚಾಂಗದ ಪುಟಗಳಲ್ಲಿ ಮಾತ್ರ ಉಳಿದು, ಆಕಾಶದಿಂದ ಮರೆಯಾಗಬಾರದು. ಅದಕ್ಕೆ ಬೇಕಾದುದು ದೊಡ್ಡ ಹಣವಲ್ಲ. ಮನೆಯ ಹೊರಗಿನ ದೀಪಕ್ಕೆ ಬೆಳಕು ಕೆಳಗೆ ಬೀಳುವಂತೆ ಒಂದು ಮುಚ್ಚಳ ಹಾಕಿಸಬಹುದು. ಜಾತ್ರೆ, ಸಮಾರಂಭಗಳು ಮುಗಿದ ಮೇಲೆ ಪ್ರಖರವಾದ ದೀಪಗಳನ್ನು ಆರಿಸಬಹುದು. ಕಟ್ಟಡಗಳ ಶೃಂಗಾರಕ್ಕೆ ಆಕಾಶದತ್ತ ಮುಖಮಾಡಿದ ದೀಪಗಳನ್ನು ಬಿಡಬಹುದು. ಅಮಾವಾಸ್ಯೆಯ ಆಸುಪಾಸಿನ ಒಂದು ತಿಳಿಯಾದ ರಾತ್ರಿ, ಶಾಲೆಯ ಬಯಲಿನಲ್ಲಿ ಅರ್ಧ ಗಂಟೆ ದೀಪ ಆರಿಸಿ ಮಕ್ಕಳಿಗೆ ಕೃತ್ತಿಕೆಯ ಗೊಂಚಲನ್ನು ತೋರಿಸಬಹುದು. ದೂರದರ್ಶಕವಿಲ್ಲದಿದ್ದರೂ ಸರಿಯೇ, ಹೆಸರು ಹೇಳಿ ಬೆರಳು ತೋರುವ ಒಬ್ಬ ಹಿರಿಯರಿದ್ದರೆ ಸಾಕು.

ಹೊಸಕೋಟೆಯ ಕೋಣೆಯಲ್ಲಿ ಕುಳಿತ ವಿಜ್ಞಾನಿ ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯ ಬೆಳಕನ್ನು ಅಳೆಯುವಾಗ, ಆ ಅಳತೆಯ ನಿಖರತೆಗೆ ಹಾನ್ಲೆಯ ತಾಯಿಯೊಬ್ಬಳು ಸಂಜೆ ತನ್ನ ಮನೆಯ ಕಿಟಕಿಗೆ ಎಳೆದ ಪರದೆಯೂ ಒಂದು ಕಾರಣ. ವಿಜ್ಞಾನದ ದೊಡ್ಡ ಸಾಧನೆಗಳು ದೊಡ್ಡ ಯಂತ್ರಗಳಿಂದಷ್ಟೇ ಆಗುವುದಿಲ್ಲ. ಹೆಸರಿಲ್ಲದ ಹಲವರು ದಿನನಿತ್ಯ ಪಾಲಿಸುವ ಸಣ್ಣ ಸಂಯಮದಿಂದಲೂ ಆಗುತ್ತವೆ ಎಂಬುದನ್ನು ಆ ಎತ್ತರದ ಊರು ನಮಗೆ ತೋರಿಸಿಕೊಟ್ಟಿದೆ.